ಅಂಚು ಸುಣ್ಣ, ಹೊಟ್ಟೆ ನೇರಳೆ

ನಮ್ಮ ಮೇಸ್ತ್ರಿಯ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದೇ ಒಂದು ಕೂದಲಿರಲಿಲ್ಲ. ಬಲಗೈ ನೋಡಿದರೆ ಕರಡಿಯದು. ಎಡಗೈ ಇಕ್ಕಳ ಹಿಡಿಯುವ ಕೈ. ಕಬ್ಬಿಣದ ಜೊತೆಗೆ ತಾನೂ ಬೆಂಕಿಯ ಬಾಯಿಯವರೆಗೆ ಹೋಗಿ ಬರುವ ಕೈ. ನಾನು ಲಂಗ ತೊಟ್ಟು ಅಪ್ಪನ ಶೆಡ್ಡಿಗೆ ಹೋಗುತ್ತಿದ್ದ ಕಾಲದಲ್ಲಿ ಆ ಕೈಯನ್ನು ಸವರಿ, "ಇದನ್ನ ಯಾರು ಬೋಳಿಸಿದ್ದು?" ಎಂದು ಕೇಳಿದ್ದೆನಂತೆ. "ಬೆಂಕಿಯಪ್ಪ ಕಣವ್ವ. ದಿನಾ ಬೆಳಗ್ಗೆ ಬಂದು ಕೆರ್ದು ಓಯ್ತಾನೆ" ಎಂದಿದ್ದರಂತೆ. ಆವತ್ತಿನಿಂದ ಕೊನೆಯವರೆಗೂ ನಾನು ಅವರಿಗೆ ಅಮ್ಮಣ್ಣಿ.

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಶೆಡ್. ಗುದ್ದಲಿ, ಪಿಕಾಸಿ, ಅದಕ್ಕಿಂತ ಹೆಚ್ಚಾಗಿ ಟ್ರಾಕ್ಟರ್ ನೇಗಿಲಿಗೆ ಹಾಕುವ ಗುಳ ಮಾಡುತ್ತೇವೆ. ಚಪ್ಪಟೆ ಪಟ್ಟಿಯನ್ನು ಕಾಯಿಸಿ, ಬಡಿದು, ಮೂತಿ ಚೂಪು ಮಾಡಿದರೆ ಗುಳ. ಅರಕಲಗೂಡು, ಚನ್ನರಾಯಪಟ್ಟಣದ ಅಂಗಡಿಗಳಿಗೆಲ್ಲ ನಮ್ಮ ಗುಳವೇ ಹೋಗುತ್ತಿತ್ತು. ಮೇಸ್ತ್ರಿ ತಮ್ಮ ಊರಾದ ಮೊಸಳೆ ಎಂಬ ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದರು. ಬಂದವರೇ ಮೊದಲು ಮಾಡುವ ಕೆಲಸ ಕುಲುಮೆ ಪಕ್ಕದ ಕಿಟಕಿ ಮುಚ್ಚುವುದು. ಬಿಸಿಲು ಬಿದ್ದರೆ ಕಬ್ಬಿಣದ ಬಣ್ಣ ಸುಳ್ಳು ಹೇಳುತ್ತದೆ ಎನ್ನುವುದು ಅವರ ನಂಬಿಕೆ.

ಅವರಿಗೆ ಡಿಗ್ರಿ ಗಿಗ್ರಿ ಗೊತ್ತಿರಲಿಲ್ಲ, ಹಣ್ಣು ಗೊತ್ತಿತ್ತು. ಕಬ್ಬಿಣ ಕಾದಂತೆ ಮೊದಲು ನೇರಳೆ, ಆಮೇಲೆ ದಾಳಿಂಬೆ, ಆಮೇಲೆ ಕಿತ್ತಳೆ, ಆಮೇಲೆ ಮಾಗಿದ ಬಾಳೆಹಣ್ಣು. "ಕಿತ್ಲೆ ಆದ್ರೆ ಬಡೀರಿ, ಬಾಳೇಣ್ಣಾದ್ರೆ ಬ್ಯಾಗ ಬಡೀರಿ, ಸುಣ್ಣ ಆಗೋದ್ರೆ ತಿಪ್ಪೆಗಾಕಿ" ಎಂದು ಕೆಲಸದವರಿಗೆ ಹೇಳುತ್ತಿದ್ದರು. ಸುಣ್ಣದ ಬಿಳುಪಿಗೆ ಬಂದ ಕಬ್ಬಿಣ ಸುಟ್ಟುಹೋದ ಕಬ್ಬಿಣ. ಅದರಲ್ಲಿ ಮಾಡಿದ ಗುಳ ಹೊಲದಲ್ಲಿ ಪಟ್ ಅಂತ ಮುರಿಯುತ್ತದೆ. ಇಂಜಿನಿಯರಿಂಗ್ ಓದಿದ ನಾನು ಪುಸ್ತಕದಲ್ಲಿ ಕಲಿತದ್ದೂ ಇಷ್ಟೇ, ಹಣ್ಣುಗಳಿರಲಿಲ್ಲ ಅಷ್ಟೆ.

ಇನ್ನೊಂದು ಅಭ್ಯಾಸವಿತ್ತು. ಯಾವ ಸಾಮಾನು ಕೊಳ್ಳುವುದಕ್ಕೆ ಹೋದರೂ ಮೇಸ್ತ್ರಿ ತಮ್ಮ ಕಬ್ಬಿಣ ತಾವೇ ಒಯ್ಯುತ್ತಿದ್ದರು. ಹೊಳೆನರಸೀಪುರದಲ್ಲಿ ಯಾರದೋ ಕಬ್ಬಿಣ ಇಟ್ಟು ಬಡಿಯುವ ಹಳೇ ಅಡಿಗಲ್ಲು ಮಾರಾಟಕ್ಕಿದೆ ಎಂದು ಅಪ್ಪ ಕರೆದುಕೊಂಡು ಹೋದಾಗ, ಟವೆಲ್ಲಿನಿಂದ ನಮ್ಮ ಪಟ್ಟಿಯ ತುಂಡೊಂದನ್ನು ತೆಗೆದು ಅಡಿಗಲ್ಲಿನ ಮೇಲಿಟ್ಟು ಹೊಡೆಯಲು ಕೂತರಂತೆ. ಮಾರುವವನು ರೇಗಿ, "ಕಲ್ಲಂಗೈತೆ, ಹೊಡ್ದು ನೋಡದೇನು ಬಂತು?" ಎಂದ. "ನಿನ್ ಕಲ್ಲು ಚೆನ್ನಾಗದೆ ಕಣಪ್ಪ. ನಮ್ ಕಬ್ಣುಕ್ಕೆ ಒಪ್ತದಾ ಅಂತ ನೋಡ್ಬ್ಯಾಡ್ವಾ?" ಎಂದರಂತೆ ಇವರು. ಅಪ್ಪ ಈ ಕತೆಯನ್ನು ಊಟಕ್ಕೆ ಕೂತಾಗಲೆಲ್ಲ ಹೇಳಿ ನಗುತ್ತಿದ್ದ. ಆ ಅಡಿಗಲ್ಲು ಇವತ್ತಿಗೂ ನಮ್ಮಲ್ಲಿದೆ.

ಅಪ್ಪ ತೀರಿಕೊಂಡ ಮೇಲೆ ಶೆಡ್ ನನ್ನ ಕೈಗೆ ಬಂತು. ನನಗೆ ಮೂಗಿನ ತುದಿಯಲ್ಲೇ ಕೋಪ. ಅದರ ಮೇಲೆ ಹೆಂಗಸು ಕಬ್ಬಿಣದ ಕೆಲಸ ನಡೆಸುತ್ತಾಳಾ ಎಂದು ಬಂದವರೆಲ್ಲ ನನ್ನ ಬೆನ್ನ ಹಿಂದೆ ಗಂಡಸರನ್ನು ಹುಡುಕುವುದು ಬೇರೆ. ಇದ್ದಿಲು, ಹೊಗೆ ಸಾಕು, ಕರೆಂಟಿನಲ್ಲಿ ಕಾಯಿಸುವ ಇಂಡಕ್ಷನ್ ಯಂತ್ರವನ್ನೂ ಬಡಿಯುವ ಪವರ್ ಹ್ಯಾಮರನ್ನೂ ತರೋಣ ಎಂದು ತೀರ್ಮಾನಿಸಿದೆ. ಮೇಸ್ತ್ರಿ ಬೇಡವೆನ್ನಲಿಲ್ಲ. "ಒಗೆ ಇಲ್ದಿದ್ರೆ ಒಳ್ಳೇದೆಯಾ. ನಾನೂ ಬತ್ತೀನಿ ತಡಿ" ಎಂದರು.

ಬೆಂಗಳೂರಿನ ಆ ಷೋರೂಮಿನಲ್ಲಿ ಟೈ ಕಟ್ಟಿದ ಸೇಲ್ಸಿನವನು ಬಾಗಿಲಲ್ಲೇ ಮೇಸ್ತ್ರಿಗೆ ಕೈ ಮುಗಿದು, "ಬನ್ನಿ ಸರ್, ಏನು ಮ್ಯಾನುಫ್ಯಾಕ್ಚರ್ ಮಾಡ್ತೀರಾ?" ಎಂದು ಶುರು ಮಾಡಿದ. ನಾನು ಪಕ್ಕದಲ್ಲಿ ಕಂಬದ ಹಾಗೆ ನಿಂತಿದ್ದೆ. ಮೇಸ್ತ್ರಿ, "ನಾನಲ್ಲ ಸಾ, ನಮ್ ಓನರ್ ಇವ್ರು" ಎಂದು ನನ್ನತ್ತ ತೋರಿಸಿದರೂ ಅವನ ಕಣ್ಣು ಅವರ ಮೇಲೇ. ನನಗೆ ಅಲ್ಲಿಂದಲೇ ಮೈ ಉರಿಯಲು ಶುರುವಾಯಿತು.

ಹ್ಯಾಮರ್ ಆಯ್ಕೆಯಲ್ಲಿ ಮೇಸ್ತ್ರಿಯ ಮಾತು ಕೇಳಿದೆ. ಅವನು ದೊಡ್ಡದನ್ನೇ ಹೊಗಳುತ್ತಿದ್ದ. "ಗುಳದ ಮೂತಿಗೆ ಆನೆ ಏಟು ಬ್ಯಾಡ, ಬ್ಯಾಗ ಬ್ಯಾಗ ಸಣ್ಣೇಟು ಬೇಕು" ಎಂದು ಇವರು ಚಿಕ್ಕದನ್ನು ಆರಿಸಿದರು. ಆಮೇಲೆ ಇಂಡಕ್ಷನ್ ಯಂತ್ರ. ತಾಮ್ರದ ಕೊಳವೆಯನ್ನು ಬಳೆಗಳಂತೆ ಸುತ್ತಿದ್ದ ಕಾಯಿಲಿನೊಳಗೆ ಅವನು ಒಂದು ದುಂಡು ಸರಳು ತೂರಿಸಿದ. ನಾವು ನೋಡುನೋಡುತ್ತಲೇ ಅದು ಕಿತ್ತಳೆಯಾಯಿತು. "ಆಹಾ!" ಎಂದೆ ನಾನು. ಮೇಸ್ತ್ರಿ ಟವೆಲ್ ಬಿಚ್ಚಿ, ಮೊಸಳೆಯಿಂದ ಹೊತ್ತು ತಂದಿದ್ದ ಗುಳದ ಪಟ್ಟಿ ತೆಗೆದರು.

"ಸಾ, ಇದುನ್ನೊಂದ್ಸಲ ಕಾಯ್ಸಿ ತೋರ್ಸಿ. ನಮ್ದು ದುಂಡಲ್ಲ, ಚಪ್ಪಟೆ ಕಬ್ಣ."

"ಎಲ್ಲಾ ಒಂದೇ ಸರ್. ಚಪ್ಪಟೆಗೇ ಬೇರೆ ಕಾಯಿಲ್ ಹಾಕಿ ತೋರಿಸಬೇಕು ಅಂದ್ರೆ ಒಂದು ಗಂಟೆಯಾದ್ರೂ ಬೇಕು" ಎಂದ ಅವನು.

"ಒಂದ್ ಗಂಟೆ ತಾನೆ? ಕುಂತಿರ್ತೀವಿ ಬುಡಿ."

ಆಚೆ ಮೇಜಿನಲ್ಲಿದ್ದ ಇಬ್ಬರು ಗಿರಾಕಿಗಳು ಆ ಟವೆಲ್ಲನ್ನೂ ತುಕ್ಕು ಹಿಡಿದ ಪಟ್ಟಿಯನ್ನೂ ನೋಡಿ ಮುಸಿಮುಸಿ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಯಜಮಾನಿ ಯಾರು ಎಂದು ಅವನಿಗೆ ಗೊತ್ತಾಗಲಿ ಎಂದು ಎಲ್ಲರಿಗೂ ಕೇಳುವಂತೆ, "ಒಳಗಿಡಿ ಮೇಸ್ತ್ರಿ, ಸಂತೇಲಿ ಎತ್ತು ಕೊಳ್ಳೋಕೆ ಬಂದಿಲ್ಲ ನಾವು" ಎಂದೆ. ಅವರು ಪಟ್ಟಿಯನ್ನು ಮತ್ತೆ ಸುತ್ತಿಟ್ಟರು. ನಾನು ಅಲ್ಲೇ ಕೂತು ಅದೇ ಯಂತ್ರಕ್ಕೆ, ಅದೇ ಕಾಯಿಲಿಗೆ ಆರ್ಡರ್ ಬರೆಸಿದೆ. ಒಂದು ಗಂಟೆ ಕೂರಬಹುದಿತ್ತು. ಕೂರಲಿಲ್ಲ.

ಯಂತ್ರ ಬಂದ ಮೊದಲ ವಾರವೇ ಮೇಸ್ತ್ರಿ ನನ್ನ ಮೇಜಿನ ಹತ್ತಿರ ಬಂದು ನಿಂತರು. "ಅಮ್ಮಣ್ಣಿ, ಅಂಚು ಸುಣ್ಣಾಯ್ತದೆ, ಒಟ್ಟೆ ಇನ್ನೂ ನೇರಳೇಲೇ ಅದೆ. ಬಂದ್ ನೋಡು" ಎಂದರು. ನಾನು ಹೋಗಿ ನೋಡಿದ್ದು ಕಬ್ಬಿಣವನ್ನಲ್ಲ, ಮೀಟರನ್ನು. ಮೀಟರಿನಲ್ಲಿ ಎಲ್ಲ ಸರಿಯಾಗಿತ್ತು. "ಹಳೇ ಕಣ್ಣಲ್ಲಿ ಹೊಸಾ ಮಿಷನ್ ನೋಡ್ಬೇಡಿ" ಎಂದು ನಕ್ಕು ಕಳಿಸಿದೆ. ಎರಡು ಮೂರು ಸಲ ಬಂದು ಹೇಳಿದರು, ಆಮೇಲೆ ಹೇಳುವುದನ್ನು ಬಿಟ್ಟರು.

ಮುಂಗಾರಿನ ಉಳುಮೆ ಮುಗಿಯುವ ಹೊತ್ತಿಗೆ ಅರಕಲಗೂಡಿನ ಅಂಗಡಿಯವರು ಗೂಡ್ಸ್ ಆಟೋದಲ್ಲಿ ಒಂದು ಮೂಟೆ ತಂದು ನಮ್ಮ ಶೆಡ್ಡಿನ ಮುಂದೆ ಸುರಿದರು. ಎಲ್ಲ ನಮ್ಮ ಗುಳಗಳೇ, ಎಲ್ಲದರ ಮೂತಿಯೂ ಮುರಿದಿತ್ತು. "ಆಲೂಗಡ್ಡೆ ಹೊಲದ ಮೆತ್ತನೆ ಮಣ್ಣಲ್ಲಿ ಮುರಿಯೋ ಗುಳ ಯಾರಿಗೆ ಬೇಕವ್ವಾ? ನಿಮ್ಮಪ್ಪನ ಕಾಲ್ದಲ್ಲಿ ಒಂದೂ ಹಿಂಗಾಗಿರ್ಲಿಲ್ಲ" ಎಂದರು. ಆ ಕೊನೆಯ ಮಾತು ನನ್ನನ್ನು ಇರಿಯಿತು. ತಪ್ಪನ್ನು ಯಾರ ಮೇಲಾದರೂ ಹಾಕಬೇಕಿತ್ತು. ನಾಲ್ವರು ಕೆಲಸದವರು, ಅಂಗಡಿಯವರು ಎಲ್ಲರ ಎದುರಿಗೆ ಮೇಸ್ತ್ರಿಯ ಕಡೆ ತಿರುಗಿ ಅಂದೆ: "ನಿಮ್ಮ ಕಣ್ಣು ಹೋಗಿದೆ ಮೇಸ್ತ್ರಿ. ಸುಟ್ಟ ಕಬ್ಬಿಣ ಯಾವುದು, ಸುಡದೆ ಇದ್ದದ್ದು ಯಾವುದು ಅಂತ ನಿಮಗೀಗ ಕಾಣೋದಿಲ್ಲ. ಒಪ್ಕೊಂಡ್ಬಿಡಿ!"

ಬೈದರೆ ತಿರುಗಿ ಬೈಯುವವರಲ್ಲ ಅವರು. ಮುರಿದ ಗುಳವೊಂದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇರ್ಬೌದು ಕಣವ್ವ" ಎಂದರು. ಸಂಜೆಯವರೆಗೆ ಕೆಲಸ ಮಾಡಿ ಬಸ್ಸಿಗೆ ಹೋದರು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಮೊಸಳೆ ಏನು ಕಾಶಿಯೇ? ಬೈಕಿನಲ್ಲಿ ಹೋದರೆ ಇಷ್ಟೇ ದೂರ. ಆದರೆ ನಾನು ಹೋಗಲಿಲ್ಲ. ತಾವಾಗಿಯೇ ಬರುತ್ತಾರೆ, ಎಲ್ಲಿ ಹೋಗುತ್ತಾರೆ ಎಂಬ ಜಂಬ. ಇವತ್ತು ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ನಾಲ್ಕು ತಿಂಗಳ ಮೇಲೆ ಯಂತ್ರದ ನೀರಿನ ಪಂಪು ಕೆಟ್ಟು, ರಿಪೇರಿಗೆ ಕಂಪನಿಯ ಹುಡುಗಿಯೊಬ್ಬಳು ಬಂದಳು. ಪಂಪು ಸರಿ ಮಾಡಿ, ಪರೀಕ್ಷೆಗೆಂದು ಯಂತ್ರ ಚಾಲೂ ಮಾಡಿದಾಗ ನಮ್ಮ ಕೆಲಸದವನು ಪಟ್ಟಿ ತೂರಿಸಿದ. ಅವಳು ಹೌಹಾರಿದಳು. "ಅಯ್ಯೋ ಮೇಡಂ, ಇದು ದುಂಡು ಸರಳಿಗೆ ಮಾಡಿದ ಕಾಯಿಲ್ ಅಲ್ವಾ? ಚಪ್ಪಟೆ ಪಟ್ಟಿ ಹಾಕಿದ್ರೆ ಅಂಚು ಬೆಳ್ಳಗೆ ಸುಟ್ಟುಹೋಗುತ್ತೆ, ನಡುವೆ ಕಾಯೋದೇ ಇಲ್ಲ. ನೋಡಿದ್ರೇ ಗೊತ್ತಾಗುತ್ತಲ್ಲ, ನಿಮ್ಮಲ್ಲಿ ಯಾರೂ ಹೇಳ್ಲಿಲ್ವಾ?"

ನಾನು ಆವತ್ತು ಮೊದಲ ಸಲ ಮೀಟರ್ ಬಿಟ್ಟು ಕಬ್ಬಿಣ ನೋಡಿದೆ. ಅಂಚು ಸುಣ್ಣ. ಹೊಟ್ಟೆ ನೇರಳೆ.

ಆಗಲೇ ಹೋಗಬೇಕಿತ್ತು. ಹೋಗಲಿಲ್ಲ. ಬರಿಗೈಯಲ್ಲಿ ಹೋಗಿ ತಪ್ಪಾಯಿತು ಎನ್ನುವುದು ಕಷ್ಟವೆನಿಸಿತು. ಚಪ್ಪಟೆ ಪಟ್ಟಿಗೆ ಹೊಂದುವ ಹೊಸ ಕಾಯಿಲ್ ತರಿಸಿ, ಒಳ್ಳೆಯ ಗುಳ ಮಾಡಿಸಿ, ಆವತ್ತಿದ್ದ ನಾಲ್ವರ ಎದುರಿಗೇ ಅವರನ್ನು ನಿಲ್ಲಿಸಿ ತಪ್ಪು ನನ್ನದೆಂದು ಹೇಳೋಣ ಎಂದುಕೊಂಡೆ. ಕಾಯಿಲ್ ಬರಲು ಐದು ವಾರ ಹಿಡಿಯಿತು. ಅದನ್ನು ಕೂರಿಸಿದ ದಿನ ಪಟ್ಟಿ ಅಂಚಿನಿಂದ ಅಂಚಿಗೆ ಒಂದೇ ಸಮ ಕಿತ್ತಳೆಯಾಯಿತು. ನಾನು ಕುಣಿಯುವುದೊಂದು ಬಾಕಿ. "ಹೋಗೋ, ಈಗಲೇ ಹೋಗಿ ಮೇಸ್ತ್ರೀನ ಕರ್ಕೊಂಡ್ ಬಾ" ಎಂದು ಕೆಲಸದವನಿಗೆ ಹೇಳಿದೆ. ಅವನು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ. "ಮೇಸ್ತ್ರಿ ನೆನ್ನೆ ಸಾಯಂಕಾಲ ಓಗ್ಬುಟ್ರಂತೆ ಮೇಡಂ. ಎದೆ ನೋವು. ಈಗಿನ್ನೂ ಫೋನ್ ಬಂತು. ನಿಮ್ಗೆ ಎಂಗ್ ಯೋಳಾದು ಅಂತ..." ಎಂದ.

ನಾನು ಮೊಸಳೆ ತಲುಪುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಊರ ಗುಡಿಗೆ ಎದುರಾಗಿದ್ದ ಜಗಲಿಯ ಮೇಲೆ ಅವರ ಹೆಂಡತಿ ಕೂತಿದ್ದರು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. "ಅಲ್ಲಿಂದ ಬಂದ್ಮ್ಯಾಲೆ ಸುತ್ಗೆ ಮುಟ್ನಿಲ್ಲ ಕಣವ್ವ" ಎಂದರು. "ಊರೋರು ಕುಡ್ಗೋಲು ತಂದ್ರೆ, ನಂಗೆ ಕಣ್ಣು ಓಗವೆ, ಬ್ಯಾರೆ ಕಡೆ ತಕ್ಕಂಡೋಗಿ ಅನ್ನೋರು. ದಿನಾ ಬೆಳಗ್ಗೆ ಇಲ್ಲೇ ಕುಂತ್ಕಂಡು ಒಂದ್ ಕಣ್ಣು ಮುಚ್ಕಂಡು ಆ ಗುಡಿ ತಲೆ ಮ್ಯಾಲಿನ ಕಲ್ಲು ಎಣ್ಸೋರು. ಆಮ್ಯಾಕೆ ಆ ಕಣ್ಣು ಮುಚ್ಕಂಡು ಈ ಕಣ್ಣಲ್ಲಿ ಎಣ್ಸೋರು. ಎಲ್ಲಾ ಕಾಣ್ತವಲ್ಲಾ ಕಣೇ, ಆದ್ರೂ ಅಮ್ಮಣ್ಣಿ ಸುಮ್ನೆ ಅನ್ನಾಕಿಲ್ಲ ಅನ್ನೋರು."

ನನಗೆ ತಡೆಯಲಾಗಲಿಲ್ಲ. ಕಾಯಿಲ್, ಚಪ್ಪಟೆ ಪಟ್ಟಿ, ಷೋರೂಮು ಎಲ್ಲವನ್ನೂ ಅಳುತ್ತಲೇ ಒಂದೇ ಉಸಿರಿಗೆ ಹೇಳಿದೆ. ಮೇಸ್ತ್ರಿ ಹೇಳಿದ್ದೆಲ್ಲ ನಿಜ, ತಪ್ಪು ನನ್ನದು ಎಂದೆ. ಆ ತಾಯಿಗೆ ಕಾಯಿಲ್ ಅಂದರೇನೆಂದು ಏನು ಗೊತ್ತು? ಕೊನೆಯವರೆಗೂ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದರು.

"ಅಂಗಾದ್ರೆ ಅವ್ರ ಕಣ್ಣು ಸರ್ಯಾಗೇ ಇದ್ವಾ?"

"ಸರಿಯಾಗೇ ಇದ್ದವು" ಎಂದೆ.

"ನಾನೂ ದಿನಾ ಅದ್ನೇ ಯೋಳ್ತಿದ್ದೆ ಕಣವ್ವ. ನನ್ ಮಾತು ನಂಬ್ನಿಲ್ಲ. ನಿನ್ ಮಾತ್ನೇ ನಂಬ್ಕಂಡು ಓದ್ರು."