ನಾಗರತ್ನಾಳ ಹೆಸರಿನ ಗಾಡಿ

ಮಾದನಹಿಪ್ಪರಗಾದಲ್ಲಿ ಕಾರು ಓಡಿಸುವ ಹೆಂಗಸು ಅಂದರೆ ನಾಗರತ್ನಾ ಒಬ್ಬಳೇ. ಅವಳ ಅಪ್ಪ ಗುರುಶಾಂತ ಖಜೂರಿಯವನು, ಉಮರ್ಗಾ, ಸೊಲ್ಲಾಪುರ ಅಂತ ಲಾರಿ ಓಡಿಸಿ ಬದುಕಿದವನು. ತೊಗರಿ ಕೊಯ್ದು ಬಯಲಾದ ಹೊಲದಲ್ಲಿ ಮಗಳನ್ನು ತನ್ನ ಹಳೆಯ ಎಸ್ಟೀಮ್ ಕಾರಿನ ಸ್ಟೇರಿಂಗ್ ಮುಂದೆ ಕೂಡಿಸಿ, ತಾನು ಪಕ್ಕದಲ್ಲಿ ಬೀಡಿ ಹಚ್ಚಿಕೊಂಡು ಕೂತು ಕಲಿಸಿದ್ದ. "ಕ್ಲಚ್ ಮ್ಯಾಲ ಕಾಲಿಟ್ಕೊಂಡು ಕೂಡಬ್ಯಾಡ, ಗಾಡಿ ಸವೀತದ" ಅನ್ನುವುದೇ ಅವನ ದೊಡ್ಡ ಬೈಗುಳ. ಮದುವೆಯಲ್ಲಿ ಅದೇ ಕಾರನ್ನು ಅವಳ ಹೆಸರಿಗೆ ಮಾಡಿಸಿ ಕೊಟ್ಟ. ಬೀಗರು ಹೊಸ ಬೈಕು ಬರುತ್ತದೆಂದು ಕಾದಿದ್ದರು. ಹಳೇ ಕಾರು ಬಂದದ್ದು ನೋಡಿ ಅತ್ತೆ ಗುರಮ್ಮ ಎಷ್ಟೋ ದಿನ ಮುಖ ಊದಿಸಿಕೊಂಡಿದ್ದಳು.

ಗಂಡ ಪರಮೇಶನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿಯ ಅಂಗಡಿ. ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ನಾಗರತ್ನಾ ಊರಿನ ಹೆಂಗಸರನ್ನು ಆಳಂದದ ದವಾಖಾನೆಗೆ, ಬಾಣಂತಿಯರನ್ನು ತವರಿಗೆ ಕರೆದೊಯ್ಯತೊಡಗಿದಾಗ ಅವನು ಬೇಡ ಅನ್ನಲಿಲ್ಲ. ಗಂಡಸರ ಜೊತೆ ಜೀಪಿನಲ್ಲಿ ಇಕ್ಕಟ್ಟಾಗಿ ಕೂಡಲಾರದವರು ಅವಳಿಗೆ ಫೋನ್ ಹಚ್ಚುತ್ತಿದ್ದರು. ಕಾಯಂ ಬರುತ್ತಿದ್ದವಳು ನಿಂಬೆವ್ವ. ಕಿಡ್ನಿ ಎರಡೂ ಕೈಕೊಟ್ಟು, ವಾರಕ್ಕೆ ಎರಡು ಸಲ ಕಲಬುರಗಿಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕಾದ ಮುದುಕಿ. ಹೋಗುವಾಗ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮಾತು. ಬರುವಾಗ ಹಿಂದಿನ ಸೀಟಿನಲ್ಲಿ ಮಲಗಿ ಒಂದು ಮಾತೂ ಇಲ್ಲ. ಅವಳು ಸುಮ್ಮನೆ ಮಲಗಿದಾಗ ನಾಗರತ್ನಾ ಪ್ರತಿ ತಗ್ಗಿಗೂ ಗೇರು ಇಳಿಸಿ ಗಾಡಿಯನ್ನು ಕೈಹಿಡಿದು ನಡೆಸಿಕೊಂಡು ಬರುವವಳಂತೆ ತರುತ್ತಿದ್ದಳು.

ಪರಮೇಶನಿಗೆ ತೊಂದರೆ ಬಂದದ್ದು ಚಹಾದಂಗಡಿಯಲ್ಲಿ. "ಹೆಂಡ್ತಿ ಡ್ರೈವರು, ಗಂಡ ಕ್ಲೀನರು" ಅಂತ ಯಾರೋ ಒಮ್ಮೆ ಅಂದದ್ದು ಬಾಯಿಂದ ಬಾಯಿಗೆ ಹತ್ತಿ ಅವನ ಹೆಸರೇ ಆಗಿಹೋಯಿತು. ಅವನೂ ನಗುತ್ತಿದ್ದ. ಮನೆಗೆ ಬಂದ ಮೇಲೆ ನಗು ಇರುತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕಾರಿನ ರೇಸುಗಳ ವಿಡಿಯೋ ನೋಡುವುದು ಹೆಚ್ಚಾಯಿತು. ಅಫಜಲಪುರದ ಕಡೆ ಹೊಸದಾಗಿ ಡಾಂಬರು ಬಿದ್ದು ಇನ್ನೂ ಓಡಾಟಕ್ಕೆ ಬಿಡದ ರಸ್ತೆಯೊಂದಿತ್ತು. ಅಲ್ಲಿ ಸೊಲ್ಲಾಪುರ, ಕಲಬುರಗಿ ಕಡೆಯ ಹುಡುಗರು ಕಾರು ಓಡಿಸಿ ಪಂಥ ಕಟ್ಟುತ್ತಾರೆ ಅನ್ನುವುದು ಅವನಿಗೆ ಗೊತ್ತಾಯಿತು.

ಒಂದು ಮುಂಜಾನೆ ನಿಂಬೆವ್ವನ ಚೀಲ ಇಡಲೆಂದು ನಾಗರತ್ನಾ ಡಿಕ್ಕಿ ತೆರೆದಳು. ಒಳಗೆ ನೀಲಿ ಬಣ್ಣದ ಸಿಲಿಂಡರು, ಬೆಲ್ಟಿನಿಂದ ಬಿಗಿದಿತ್ತು. ಅದರಿಂದ ಹೊರಟ ಸಣ್ಣ ಪೈಪು ಗಾಡಿಯ ತಳದ ಗುಂಟ ಇಂಜಿನ್ನಿನವರೆಗೆ ಹೋಗಿತ್ತು.

"ನನಗ ಆಕ್ಸಿಜನ್ ತಂದಿಟ್ಟಿಯೇನ್ ತಂಗಿ?" ನಿಂಬೆವ್ವ ಕೇಳಿದಳು.

"ಇಲ್ಲ ಆಯಿ. ಏನೋ ನನಗೂ ಗೊತ್ತಿಲ್ಲ."

ಸಂಜೆ ಪರಮೇಶ ತಾನೇ ಹೇಳಿದ. ಹೇಳುವಾಗ ಅವನ ಮುಖದಲ್ಲಿ ಬಹಳ ದಿನದಿಂದ ಇಲ್ಲದ ಕಳೆ ಇತ್ತು. "ನೈಟ್ರಸ್ ಅಂತಾರ ಇದಕ್ಕ. ದವಾಖಾನಿಯಾಗ ಆಪರೇಷನ್ ಮುಂದ ಮೂಗಿಗಿ ಹಿಡೀತಾರಲ್ಲ, ಅದೇ ಗ್ಯಾಸ್. ಇಂಜಿನ್ನಿಗಿ ಕೊಟ್ರ ಒಳಗ ಉರಿ ಜೋರಾಗ್ತದ. ಗುಂಡಿ ಒತ್ತಿ ಹಿಡಿಯೂ ತನಕ ಗಾಡಿ ಹಾರ್ತದ ನೋಡು."

"ಹಾರಿ ಎಲ್ಲಿಗಿ ಹೋಗೋದದ ನಮಗ?"

"ಒಂದ್ ಸಲ, ನಾಗೂ. ಒಂದು ರೇಸು. ಆಮ್ಯಾಲ ಬಿಚ್ಚಿ ಒಗೀತೇನಿ. ನೀ ನಿನ್ನ ಮುದುಕ್ಯಾರ್ನ ಕೂಡಿಸ್ಕೊಂಡು ಅಡ್ಡಾಡು."

ಮರುದಿನ ಅವಳು ಗಾಡಿ ತೆಗೆದುಕೊಂಡು ಆಳಂದಕ್ಕೆ ಹೋದಳು. ಪರಮೇಶ ಸೊಲ್ಲಾಪುರದಿಂದ ತಂದ ಆ ಹಳೇ ಸಾಮಾನನ್ನು ಕೂಡಿಸಿದ್ದವನು ಗೌಸಮೊಹಿದ್ದೀನ, ಅವಳ ಅಪ್ಪನ ಕಾಲದಿಂದ ಆ ಕಾರು ನೋಡಿಕೊಳ್ಳುತ್ತಿದ್ದ ಮಿಸ್ತ್ರಿ.

"ಗೌಸಭಾಯ್, ಇದನ್ನ ಬಿಚ್ಚಿ ಕೊಡ್ರಿ."

ಅವನು ಕೈ ಒರೆಸಿಕೊಂಡ. "ಬಿಚ್ಚೋದೇನ್ ದೊಡ್ಡ ಕೆಲಸ ಅಲ್ಲಕ್ಕ. ಪರಮೇಶಣ್ಣನ ಕಡಿಂದ ಒಂದ್ ಫೋನ್ ಮಾಡಿಸ್ರಿ ಸಾಕು."

"ಗಾಡಿ ನಂದದ. ಆರ್‌ಸಿ ನನ್ನ ಹೆಸರಿಗಿ ಅದ."

"ಅದು ಖರೇ. ನಾಳಿ ಅಂವ ಬಂದು ನನ್ನ ಕೂಡ ಜಗಳಕ್ಕ ನಿಂತ್ರ? ಗಂಡ ಹೆಂಡ್ತಿ ಮಾತಿನಾಗ ನನ್ನ ತರಬ್ಯಾಡ್ರಿ." ಆಮೇಲೆ ಸಮಾಧಾನ ಹೇಳುವವನಂತೆ ಬಾನೆಟ್ ಎತ್ತಿ ತೋರಿಸಿದ. ಗ್ಯಾಸಿಗೊಂದು, ಪೆಟ್ರೋಲಿಗೊಂದು, ಸಣ್ಣ ತೂತಿನ ಎರಡು ಹಿತ್ತಾಳೆ ಜೆಟ್ಟು. "ಫಿಕರ್ ಮಾಡಬ್ಯಾಡ್ರಿ, ಎರಡೂ ಸಣ್ಣವೇ ಹಾಕೇನಿ. ಗ್ಯಾಸ್ ಜೋಡಿ ಅದಕ್ಕ ತಕ್ಕಷ್ಟು ಪೆಟ್ರೋಲ್ ಹೋದ್ರ ಏನಾಗಂಗಿಲ್ಲ. ಗ್ಯಾಸ್ ಹೆಚ್ಚಾಗಿ ಪೆಟ್ರೋಲ್ ಕಮ್ಮಿ ಬಿತ್ತಂದ್ರ ಪಿಸ್ಟನ್ ಕರಗ್ತದ. ಹಳೇ ಇಂಜಿನ್, ತಡ್ಕೊಳ್ಳಂಗಿಲ್ಲ."

ಅವಳು ಬಾನೆಟ್ ಮುಚ್ಚಿ ವಾಪಸ್ಸು ಬಂದಳು. ಕೀಲಿ ಅಡಗಿಸಿಡಬಹುದಿತ್ತು. ಅಡಗಿಸಿದರೆ ಕೇರಿಗೆ ಕೇಳುವ ಜಗಳ, ಆಮೇಲೆ ಚಹಾದಂಗಡಿಯಲ್ಲಿ ಗಂಡನಿಗೆ ಇನ್ನೊಂದು ಹೊಸ ಹೆಸರು. ಅದು ಬೇಡ ಅನ್ನಿಸಿ, ರೇಸಿನ ದಿನ ತಾನೂ ಜೊತೆಗೆ ಹೊರಟಳು.

ಬಿಸಿಲು ಆಗತಾನೆ ಏರುತ್ತಿತ್ತು. ಹೊಸ ರಸ್ತೆಯ ಎರಡೂ ದಂಡೆಗೆ ಹುಡುಗರು ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ಪರಮೇಶನ ಎದುರಿಗೆ ಸೊಲ್ಲಾಪುರದ ಒಂದು ಬಿಳಿ ಹೊಸ ಕಾರು. ಎಸ್ಟೀಮ್ ನೋಡಿ ಕೆಲವರು ಸಿಳ್ಳೆ ಹೊಡೆದು ನಕ್ಕರು. ಕರವಸ್ತ್ರ ಕೆಳಗಿಳಿಯಿತು, ಎರಡೂ ಹೊರಟವು, ಬಿಳಿ ಕಾರು ಮುಂದಾಯಿತು. ಅಷ್ಟರಲ್ಲಿ ಎಸ್ಟೀಮಿನ ದನಿ ಬದಲಾಗಿ, ಯಾರೋ ಹಿಂದಿನಿಂದ ನೂಕಿದಂತೆ ಜಿಗಿದು ಬಿಳಿ ಕಾರನ್ನು ದಾಟಿ ಹೋಯಿತು. ನಾಗರತ್ನಾ ದಂಡೆಯಿಂದ ಎರಡು ಹೆಜ್ಜೆ ಮುಂದೆ ಓಡಿದಳು. ಈಗ ಇಲ್ಲದ ಅಪ್ಪ ಇದನ್ನು ನೋಡಬೇಕಿತ್ತು ಅಂತ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ.

ಅಲ್ಲಿಗೇ ಮುಗಿಯಬೇಕಿತ್ತು. ಬಿಳಿ ಕಾರಿನವರು ಇನ್ನೊಮ್ಮೆ ಅಂದರು. ಅವರಲ್ಲೊಬ್ಬ ಗ್ಯಾಸಿನ ದೊಡ್ಡ ಜೆಟ್ಟೊಂದನ್ನು ಪರಮೇಶನ ಕೈಗಿಟ್ಟು, ಇದನ್ನು ಹಾಕಿಕೊಂಡು ಬಾ ನೋಡೋಣ ಅಂದ. ಪರಮೇಶ ಹಳೇ ಜೆಟ್ಟು ಬಿಚ್ಚಲು ಪಾನಾ ಹಿಡಿದು ಬಾನೆಟ್ಟಿನೊಳಗೆ ಬಗ್ಗಿದ.

ನಾಗರತ್ನಾ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು, "ಪೆಟ್ರೋಲಿಂದು ಎಲ್ಲದರಿ?"

"ಏನು?"

"ಗ್ಯಾಸಿಂದು ದೊಡ್ಡದು ಹಾಕಿದ್ರ ಪೆಟ್ರೋಲಿಂದೂ ದೊಡ್ಡದೇ ಹಾಕಬೇಕಂತ. ಗೌಸಭಾಯ್ ಹೇಳ್ಯಾರ."

"ಇಷ್ಟು ಮಂದಿ ಮುಂದ ನನಗ ಕಲಿಸಾಕ ಬರಬ್ಯಾಡ ಬೇ."

ಅವನು ಒಳಗೆ ಕೂತ. ಅವಳು ಕೀಲಿಗೆ ಕೈ ಚಾಚಿದಳು. ಅವನು ಗಾಜು ಏರಿಸತೊಡಗಿದ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಬೇಕಾಯಿತು.

ಈ ಸಲ ಎಸ್ಟೀಮ್ ಮೊದಲಿಗಿಂತ ಬಿರುಸಾಗಿ ಹೋಯಿತು. ಅರ್ಧ ದಾರಿಯಲ್ಲಿ ಇಂಜಿನ್ನಿನಿಂದ ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದಂಥ ಸದ್ದು, ಹಿಂದೆಯೇ ಒಂದು ಪೆಟ್ಟು. ನೀಲಿ ಹೊಗೆ ರಸ್ತೆಯಗಲ ಹಬ್ಬಿತು. ಗಾಡಿ ತಾನಾಗಿಯೇ ಉರುಳಿ ದಂಡೆಗೆ ನಿಂತಿತು. ಪರಮೇಶ ಹೊರಗೆ ಬಂದಾಗ ಹುಡುಗರು, ಮೊದಲ ಓಟ ಗೆದ್ದವನೆಂದು, ಅವನನ್ನು ಎತ್ತಿ ಹೆಗಲ ಮೇಲೆ ಕೂಡಿಸಿಕೊಂಡರು. ಅವನು ನಗುತ್ತಿದ್ದ. ಹೊಗೆಯಲ್ಲಿ ನಾಗರತ್ನಾ ಒಬ್ಬಳೇ ಕಾರಿನ ಹತ್ತಿರ ಹೋಗಿ, ಡಿಕ್ಕಿ ತೆರೆದು ಸಿಲಿಂಡರಿನ ವಾಲ್ವು ತಿರುಗಿಸಿ ಮುಚ್ಚಿದಳು.

ಟ್ರ್ಯಾಕ್ಟರಿಗೆ ಕಟ್ಟಿ ಆಳಂದಕ್ಕೆ ಎಳೆಸಿದರು. ಗೌಸಮೊಹಿದ್ದೀನ ಇಂಜಿನ್ ಬಿಚ್ಚಿ ಒಂದು ಪಿಸ್ಟನ್ ಅವಳ ಮುಂದಿಟ್ಟ. ನೆತ್ತಿ ಬೆಲ್ಲದಂತೆ ಕರಗಿ ತೂತಾಗಿತ್ತು. ಪಿಸ್ಟನ್ ಓಡಾಡುವ ಒಳಗಿನ ಗೋಡೆಯೂ ಗೀರು ಬಿದ್ದು ಹಾಳಾಗಿತ್ತು. "ಇದು ಮುಗೀತಕ್ಕ. ಬ್ಯಾರೆ ಇಂಜಿನ್ ಈಗ ಸಿಗೋದು ಕಠಿಣ" ಅಂದ. ಆವತ್ತು ಬಿಚ್ಚಿ ಕೊಡಬೇಕಾಗಿತ್ತು ಅಂತ ಅವನೂ ಅನ್ನಲಿಲ್ಲ, ಅವಳೂ ಅನ್ನಲಿಲ್ಲ.

ಊರಿನಲ್ಲಿ ಬೇರೆಯದೇ ನಡೆದಿತ್ತು. ಮೊದಲ ಓಟದ ವಿಡಿಯೋ ಜೇವರ್ಗಿ, ಯಡ್ರಾಮಿ ಕಡೆಯ ಹುಡುಗರ ಫೋನಿಗೂ ಹೋಗಿತ್ತು. "ಪರಮೇಶನ ಎಸ್ಟೀಮ್" ಅಂತ ಅದರ ಮೇಲೆ ಬರೆದಿದ್ದರು. ಕ್ಲೀನರು ಅನ್ನುವ ಮಾತು ಚಹಾದಂಗಡಿಯಲ್ಲಿ ನಿಂತುಹೋಯಿತು. ಗುರಮ್ಮ ಸಹ ಬಂದವರಿಗೆಲ್ಲ "ನನ್ನ ಮಗ ಹೊಸಾ ಗಾಡಿ ಸೋಲಿಸ್ಯಾನ" ಅಂತ ಹೇಳಿಕೊಂಡಳು. ಮುಂದೆ ಒಂದು ದಿನ ಗುಜರಿಯವನು ಬಂದು ಕಾರು ಒಯ್ದ. ಮಾರುವ ಕಾಗದಕ್ಕೆ ಸಹಿ ನಾಗರತ್ನಾಳದೇ ಬೇಕಿತ್ತು. ಆ ಒಂದು ದಿನ ಗಾಡಿ ಯಾರದು ಅನ್ನುವುದು ಎಲ್ಲರಿಗೂ ನೆನಪಿತ್ತು.

ನಿಂಬೆವ್ವ ಕೆಲವು ಸಲ ಬಸ್ಸಿಗೆ ಹೋದಳು. ಬರುವಾಗ ನಿಂತು ಬರಬೇಕಾಗಿ ಒಮ್ಮೆ ಕಂಡಕ್ಟರನ ಮೇಲೆ ಬಿದ್ದಳಂತೆ. ಆಮೇಲೆ ಮಗಳು ಅವಳನ್ನು ಕಲಬುರಗಿಯ ದವಾಖಾನೆ ಹತ್ತಿರದ ಒಂದು ಕೋಣೆಗೆ ಕರೆದೊಯ್ದಳು. ಹೋಗುವ ದಿನ ನಾಗರತ್ನಾ ಅವಳ ಚೀಲ ಹಿಡಿದು ಬಸ್ಸಿನವರೆಗೆ ಬಂದಳು.

"ನಿಂದೇನ್ ತಪ್ಪಿಲ್ಲ ತಂಗಿ" ಅಂದಳು ಮುದುಕಿ. "ಆದ್ರ ಅಲ್ಲಿ ನನ್ನ ಮಾತು ಯಾರ್ ಕೇಳ್ತಾರ?"

ಚಳಿಗಾಲ ಕಳೆಯುವುದರೊಳಗೆ ಅವಳು ಅಲ್ಲಿಯೇ ತೀರಿಕೊಂಡ ಸುದ್ದಿ ಬಂತು. ಪರಮೇಶ ಸುದ್ದಿ ಕೇಳಿ, "ಪಾಪ, ವಯಸ್ಸಾಗಿತ್ತು" ಅಂದ. ಅವತ್ತಿನಿಂದ ನಾಗರತ್ನಾ ಅವನ ಜೊತೆ ಬೇಕಾದಷ್ಟೇ ಮಾತಾಡತೊಡಗಿದಳು. ಅವನಿಗೆ ಅದು ಗೊತ್ತಾಯಿತೋ ಇಲ್ಲವೋ ಹೇಳುವುದು ಕಷ್ಟ.

ಪಂಚಾಯಿತಿಯಲ್ಲಿ ಮನೆಮನೆಯ ಕಸ ಒಯ್ಯುವ ಗಾಡಿಗೆ ಲೈಸೆನ್ಸ್ ಇರುವ ಹೆಂಗಸು ಬೇಕಾಗಿತ್ತು. ಅವಳು ಹೋಗಿ ತನ್ನ ಲೈಸೆನ್ಸ್ ತೋರಿಸಿ ಬಂದಳು. ಪರಮೇಶ ಸಿಟ್ಟಾದ.

"ಕಸದ ಗಾಡಿ ಹೊಡೀತಿಯೇನು? ನಾ ಊರಾಗ ಮುಖ ಹ್ಯಾಂಗ ತೋರಿಸ್ಲಿ?"

"ನನಗ ಬರೂದು ಗಾಡಿ ಹೊಡಿಯೂದೊಂದೇರಿ. ನಂದು ನೀವು ಸುಟ್ರಿ. ಊರಿಂದು ಇದೊಂದೇ ಅದ."

ಅವನು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಹೋದ.

ಈಗ ದಿನಾ ಮುಂಜಾನೆ ಅವಳ ಗಾಡಿ ಓಣಿ ಓಣಿ ಸುತ್ತಿ ಬಸ್ ಸ್ಟ್ಯಾಂಡಿನ ಅಂಗಡಿಗಳ ಮುಂದೆ ನಿಲ್ಲುತ್ತದೆ. ಎಲ್ಲರೂ ಡಬ್ಬಿ ತಂದು ಸುರಿಯುತ್ತಾರೆ. ಪರಮೇಶ ಮಾತ್ರ ಗಾಡಿಯ ಸದ್ದು ಕೇಳಿದೊಡನೆ ಒಳಗಿನ ಕೋಣೆಗೆ ಹೋಗುತ್ತಾನೆ. ಅವಳು ಮುಂದಿನ ಓಣಿಗೆ ತಿರುಗಿದ ಮೇಲೆ ಹೊರಗೆ ಬಂದು, ಒಡೆದ ಗಾಜು, ಸತ್ತ ಬ್ಯಾಟರಿ, ಚಹಾದ ಕಪ್ಪುಗಳನ್ನು ರಸ್ತೆಯ ಬದಿಗೆ ಚೆಲ್ಲುತ್ತಾನೆ. ಮರುದಿನ ಅವಳು ಗಾಡಿ ನಿಲ್ಲಿಸಿ, ಕೆಳಗಿಳಿದು ಅದನ್ನು ಬಳಿದು ತುಂಬಿಕೊಂಡು ಹೋಗುತ್ತಾಳೆ.