ಮನೆಬಂಡಿಗೆ ಬಣ್ಣ, ಹೊನ್ನುಗ್ಗಿಗೆ ಎಣ್ಣೆ

ಕಾಣುವ ಕಣ್ಣನ್ನೂ, ಕಂಡದ್ದನ್ನು ಮತ್ತೆ ಮತ್ತೆ ವಿಚಾರಿಸುವ ಬುದ್ಧಿಯನ್ನೂ ಈ ವಯಸ್ಸಿನಲ್ಲಿಯೂ ನನ್ನಲ್ಲಿ ಉಳಿಸಿರುವ ಪರಮಾತ್ಮನಿಗೆ ಮೊದಲ ನಮಸ್ಕಾರ. ಅಕ್ಷರ ತಿದ್ದಿಸಿದ ಗುರುಗಳಿಗೆ ಎರಡನೆಯದು. ಮೂರನೆಯದು, ಕರಿಮಣ್ಣಿನ ದಾರಿಗಳಲ್ಲಿ ನಮ್ಮಿಬ್ಬರನ್ನು ಹೊತ್ತು ತಿರುಗಿದ ಒಂದು ಹಳೆಯ ವಾಹನಕ್ಕೆ.

ಸಿಂದಗಿಯ ಶಾಲೆಯಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ಮೇಲೆ ನಾನು ಶ್ರಾವಣ ಮಾಸದಲ್ಲಿ ಊರೂರಿಗೆ ಹೋಗಿ ಪುರಾಣ ಹೇಳುವುದನ್ನು ವ್ರತದಂತೆ ನಡೆಸಿಕೊಂಡು ಬಂದಿದ್ದೇನೆ. ನನ್ನ ಹೆಂಡತಿ ಪದ್ಯವನ್ನು ರಾಗವಾಗಿ ಓದುತ್ತಾಳೆ, ನಾನು ಅರ್ಥ ಬಿಡಿಸುತ್ತೇನೆ. ಅವಳ ಮೊಣಕಾಲು ನೋಯಲು ತೊಡಗಿ, ಪರರ ಮನೆಯ ಮೆಟ್ಟಿಲು ಹತ್ತುವುದು ಕಷ್ಟವಾದಾಗ ಒಂದು ಹಳೆಯ ಟೆಂಪೋ ಗಾಡಿಯನ್ನು ಕೊಂಡು, ಒಳಗೆ ಎರಡು ಮಂಚ, ಒಂದು ಗ್ಯಾಸ್ ಒಲೆ, ಗ್ರಂಥಗಳಿಗೊಂದು ಗೂಡು ಮಾಡಿಸಿದೆವು. ಜನರು ಅದನ್ನು ಮನೆಬಂಡಿ ಎಂದು ಕರೆದರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಎಷ್ಟೋ ಗುಡಿಗಳ ಮುಂದೆ ಅದು ದಿನಗಟ್ಟಲೆ ನಿಂತಿದೆ.

ಕಳೆದ ಶ್ರಾವಣದಲ್ಲಿ ಅದರ ಮಾಡು ಸೋರಿತು. ನೀರು ನೇರವಾಗಿ ಅವಳ ಹಾಸಿಗೆಯ ಮೇಲೆ ಬಿದ್ದು, ಎದೆಯಲ್ಲಿ ಕಫ ಕಟ್ಟಿ, ಅವಳು ಹದಿನೈದು ದಿನ ಆಸ್ಪತ್ರೆಯಲ್ಲಿ ಮಲಗಿದಳು. ಬಾಗೇವಾಡಿಯಲ್ಲಿರುವ ಮಗಳು ಅಂದೇ ತೀರ್ಪು ಕೊಟ್ಟಳು: “ಅಪ್ಪಾ, ಬರೂ ವರ್ಷ ಶ್ರಾವಣಕ್ಕಿಂತ ಮೊದಲ ನಾ ಬಂದು ನೀರು ಸುರುವಿ ನೋಡ್ತೇನಿ. ಅವ್ವನ ಹಾಸಿಗಿ ಮ್ಯಾಲ ಒಂದ ಹನಿ ಬಿದ್ರೂ ಅಕಿ ನನ್ನ ಮನ್ಯಾಗ ಇರ್ತಾಳ. ನೀವ ಒಬ್ರ ಹೋಗ್ರಿ ಪುರಾಣಕ್ಕ.”

ಈ ವರ್ಷ ಸಾಲೋಟಗಿಯವರು ಪುರಾಣಕ್ಕೆ ಕರೆಯಲು ಬಂದಾಗ ಹೆಂಡತಿ ಗ್ರಂಥದ ಹಳೆಯ ಪ್ರತಿಯ ಹರಿದ ಹಾಳೆಗಳಿಗೆ ಅಂಟು ಹಚ್ಚುತ್ತ ಕುಳಿತಿದ್ದುದನ್ನು ನೋಡಿದೆ. ಸೋರಿಕೆ ಮುಚ್ಚಿ ಬಣ್ಣ ಹಚ್ಚುವ ಕೆಲಸವನ್ನು ನಾನೇ ಮಾಡಬೇಕೆಂದು ಆಗಲೇ ನಿಶ್ಚಯಿಸಿದೆ. ಬೇರೆಯವರು ಮಾಡಿದರೆ ಎಲ್ಲಿ ಸೋರುತ್ತದೆ, ಏಕೆ ಸೋರುತ್ತದೆ ಎಂಬುದು ನನಗೆ ಎಂದಿಗೂ ತಿಳಿಯದು ಎಂಬುದೂ ಒಂದು ಕಾರಣವಾಗಿತ್ತು.

ಗಾಡಿಯನ್ನು ಮನೆಯ ಕಟ್ಟೆಗೆ ತಾಗಿಸಿ ನಿಲ್ಲಿಸಿ, ಪಾಲಿಶ್ ಪೇಪರಿನಿಂದ ಉಜ್ಜತೊಡಗಿದೆ. ನಾವು ಹಚ್ಚಿಸಿದ್ದ ಹಸಿರಿನ ಕೆಳಗೆ ಹಳದಿ ಬಂತು. ಹಳದಿಯ ಕೆಳಗೆ ತೆಳುವಾದ ನೀಲಿ, ಅದರ ಕೆಳಗೆ ಹಾಲಿನಂಥ ಬಿಳುಪು. ಹಳದಿಯ ಮೇಲೆ “ಮಕ್ಕಳು” ಎಂಬ ಅರ್ಧ ಅಳಿಸಿದ ಅಕ್ಷರಗಳು ಸಿಕ್ಕವು. ಯಾವುದೋ ಶಾಲೆಯ ಗಾಡಿಯಾಗಿತ್ತೆಂದು ತಿಳಿಯಿತು. ನೀಲಿಯ ಕಾಲದಲ್ಲಿ ಏನಾಗಿತ್ತು, ಬಿಳುಪಿನ ಕಾಲದಲ್ಲಿ ಯಾರನ್ನು ಹೊತ್ತಿತ್ತು? ಸಾಲೋಟಗಿಯ ಶಾಸನದ ಮುಂದೆ ನಿಂತು, ಸವೆದ ಅಕ್ಷರಗಳ ಮೇಲೆ ಬೆರಳಾಡಿಸಿದಾಗ ಆಗುವ ಕುತೂಹಲವೇ ಇಲ್ಲಿಯೂ ಆಯಿತು. ಬಾಗಿಲ ಬಳಿ ನಾಲ್ಕು ಬಣ್ಣಗಳೂ ಪದರಪದರವಾಗಿ ಕಾಣುವ ಒಂದು ಗೇಣು ಜಾಗವನ್ನು ಪೂರ್ತಿ ಉಜ್ಜದೆ ಉಳಿಸಿ, ದಿನವೂ ನೋಡುತ್ತಿದ್ದೆ.

“ಏನ್ರಿ, ಆ ಗೇಣ ಜಾಗಾಕ್ಕೂ ಅರ್ಥ ಬಿಡಸಾಕತ್ತೀರೇನು?” ಎಂದು ಹೆಂಡತಿ ಒಳಗಿನಿಂದ ನಕ್ಕಳು.

ಹಾಸಿಗೆಯ ಮೇಲ್ಭಾಗದಲ್ಲಿ, ಕಟ್ಟೆಯ ಬದಿಗೆ, ಮಾಡಿನ ತಗಡು ಪಕ್ಕದ ತಗಡಿಗೆ ಕೂಡುವ ಸಂದಿನಲ್ಲಿ ತುಕ್ಕು ಹಿಡಿದಿತ್ತು. ಸೋರಿಕೆಯ ಮೂಲ ಅದೇ. ತುಕ್ಕನ್ನು ಕೆರೆದು, ಥಿನ್ನರಿನಿಂದ ಗಾಡಿಯ ಇಡೀ ಮೈಯನ್ನು ಒರೆಸಿ, ಸಂಜೆಗೆ ಕೆಲಸ ನಿಲ್ಲಿಸಿದೆ. ಮರುದಿನ ಪೂಜೆ ಮುಗಿಸಿ ಬಂದು ಸಂದಿಗೆ ನೀರು ತಡೆಯುವ ಸೀಲೆಂಟ್ ತುಂಬಿದೆ. ಅದು ಒಣಗಿದ ಮೇಲೆ, ಅಂದೇ ಸಂಜೆ, ಬಣ್ಣಕ್ಕೆ ಮೊದಲಿನ ಪ್ರೈಮರ್ ಹಚ್ಚಿದೆ.

ಪ್ರೈಮರ್ ತಗಡಿಗೆ ಕೂಡಲಿಲ್ಲ. ಸಿಡುಬಿನ ಕಲೆಗಳಂತೆ ಅಲ್ಲಲ್ಲಿ ಕುಳಿ ಬಿದ್ದು ತಗಡು ಇಣುಕುತ್ತಿತ್ತು. ದೇವರ ಹಿಪ್ಪರಗಿಯ ರಸ್ತೆಯಲ್ಲಿ ಟ್ರಾಕ್ಟರ್ ಟ್ರೇಲರುಗಳಿಗೆ ಬಣ್ಣ ಹೊಡೆಯುವವನನ್ನು ಕರೆತಂದು ತೋರಿಸಿದೆ. ಅವನು ಹಿಂದೊಮ್ಮೆ ನನ್ನ ವಿದ್ಯಾರ್ಥಿಯಾಗಿದ್ದವನು.

“ಗುರುಗಳ, ನೀವು ತಗಡಿಗೂ ಸಂಸ್ಕೃತದಾಗ ಹೇಳೀರೇನು? ಅದಕ್ಕ ತಿಳಿದಿಲ್ರಿ ಅದು.”

“ನಿನಗ ಸಂಧಿ ತಿಳೀಲಿಲ್ಲ, ತಗಡಿಗಾದ್ರೂ ತಿಳೀತದ ಅಂದಿದ್ದೆ,” ಎಂದೆ.

ಅವನು ಡಬ್ಬಿಯನ್ನು ದೂರಿದ. ಡಬ್ಬಿಯನ್ನು ಬದಲಾಯಿಸಿದೆವು, ಕುಳಿ ಬದಲಾಗಲಿಲ್ಲ. ನಾನು ಒಂದು ವಹಿಯಲ್ಲಿ ಗಾಡಿಯ ಚಿತ್ರ ಬರೆದು ಕುಳಿಗಳನ್ನು ಗುರುತಿಸಿದೆ. ವಿಚಿತ್ರವೆಂದರೆ ಅವು ಕಟ್ಟೆಯ ಬದಿಗಷ್ಟೇ ಇದ್ದವು. ಅದು ಬಿಟ್ಟರೆ ಮುಂಭಾಗದಲ್ಲಿ, ಗಾಜಿನ ಕೆಳಗೆ, ಪ್ರೈಮರ್ ಕೂಡದ ಅಂಗೈಯಗಲದ ದುಂಡಗಿನ ಗುರುತೊಂದಿತ್ತು. ಹೊಲದ ಬದಿಯ ತಗಡು ಕನ್ನಡಿಯಂತೆ ನುಣ್ಣಗಿತ್ತು. ಗಾಳಿಯ ತಪ್ಪಾದರೆ ಎರಡೂ ಬದಿಗೆ ಆಗಬೇಕು. ನೆರಳಿನ ತಪ್ಪಾದರೆ ದುಂಡಗೇಕೆ ಇರಬೇಕು?

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಮಾಡಿನ ಮೇಲೆ ಎರಡು ಕೊಡ ನೀರು ಸುರಿದೆ. ಸಂದಿನ ಸೀಲೆಂಟ್ ಚರ್ಮದಂತೆ ಎದ್ದುಬಂತು. ಒಳಗೆ ಹೋಗಿ ನೋಡಿದರೆ ಅವಳ ಮಂಚದ ಹಲಗೆಯ ಮೇಲೆ ನೀರಿನ ಒಂದು ಗೆರೆ. ಅವಳು ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. “ಹೋಗ್ಲಿ ಬಿಡ್ರಿ. ಮಗಳ ಮನ್ಯಾಗ ಕುಂತು ಓದಿದ್ರೂ ಪದ್ಯ ಪದ್ಯಾನ,” ಎಂದಳು. ಅಂದು ಅವಳು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಮರುದಿನ ಅವಳು ಮಣ್ಣಿನಿಂದ ಎತ್ತು ಮಾಡಲು ಕುಳಿತಳು. ಮಣ್ಣಿನ ಮುದ್ದೆಯನ್ನು ಇಡುವ ಮುನ್ನ ಮಣೆಯ ಮೇಲೆ ಕುಸುಬಿ ಎಣ್ಣೆಯನ್ನು ಒರೆಸಿದಳು.

“ಎಣ್ಣಿ ಯಾಕ?” ಎಂದು ಕೇಳಿದೆ. ಐವತ್ತು ವರ್ಷ ನೋಡಿದ್ದರೂ ಕೇಳಿರಲಿಲ್ಲ.

“ಮಣ್ಣು ಮಣಿಗೆ ಹತ್ತಬಾರದಲ್ರಿ, ಅದಕ್ಕ.”

ನಾನು ಎದ್ದು ಹೋಗಿ ಗಾಡಿಯ ಮುಂದೆ ನಿಂತೆ. ಆ ದುಂಡಗಿನ ಗುರುತು, ಎತ್ತಿನ ಹಣೆ ಇರುವಲ್ಲಿ. ಕಟ್ಟೆಯ ಬದಿಯ ಕುಳಿಗಳು, ಕೋಲೊಂದಕ್ಕೆ ನಿಲುಕುವಷ್ಟು ಎತ್ತರದವರೆಗೆ. ನಾನು ಪ್ರೈಮರ್ ಹಚ್ಚಿದ ದಿನ ಕಾರಹುಣ್ಣಿಮೆಯ ಮುನ್ನಾದಿನ, ಎತ್ತುಗಳ ಮೈ ತೊಳೆದು, ಎಣ್ಣೆ ಹಚ್ಚಿ, ಹುಗ್ಗಿ ತಿನ್ನಿಸುವ ಹೊನ್ನುಗ್ಗಿ!

“ಹೊನ್ನುಗ್ಗಿ ದಿನ ಮುಂಜಾನೆ ನೀ ಗಾಡಿಗೆ ಏನರೆ ಹಚ್ಚಿದ್ದೇನು?”

“ಹಚ್ಚಿದ್ದೆ. ನಮ್ಮ ಹಟ್ಟ್ಯಾಗ ಈಗ ಎತ್ತ ಎಲ್ಲಿ ಅದಾವ? ಇದ ನಮ್ಮ ಎತ್ತು. ನೀವು ಮೈ ತೊಳದಿಟ್ಟಿದ್ರಿ, ಬರೀ ಮೈಲೆ ಹೆಂಗ ನಿಲ್ಲಸೂದು? ನೀವು ಪೂಜಾದಾಗ ಇದ್ರಿ. ಜಾಡಾ ಬಲಿ ತೆಗಿಯೂ ಕೋಲಿಗೆ ಎಣ್ಣ್ಯಾಗ ಅದ್ದಿದ ಅರಬಿ ಸುತ್ತಿ, ಕಟ್ಟಿ ಮ್ಯಾಲ ನಿಂತು ಮಾಡಿನ ತನಕಾನೂ ಒರಿಸಿದೆ. ನೆತ್ತಿಗೆ ಎಣ್ಣಿ ಬೀಳಬೇಕಲ್ರಿ…”

ಅವಳ ಕೈಯಲ್ಲಿದ್ದ ಮಣ್ಣೆತ್ತಿನ ಕೋಡು ಬಾಗಿತು. “ಅಂದ್ರ ನನ್ನ ಹಾಸಿಗಿಗೆ ನೀರು ನಾನ ತಂದ್ನೇನು?”

“ತಂದದ್ದು ತುಕ್ಕು. ನೀ ಭಕ್ತಿ ಮಾಡೀದಿ. ನಾನೂ ಹಂಗ ಮಾಡ್ತಿದ್ದೆ, ಹೊನ್ನುಗ್ಗಿ ನೆನಪಿದ್ದಿದ್ರ.”

ಬಣ್ಣದವನು ಬಂದು ವಿಷಯ ಕೇಳಿ ಕಟ್ಟೆಯ ಮೇಲೆ ಕುಳಿತುಬಿಟ್ಟ. “ಅವ್ವಾರ, ಹುಗ್ಗಿನೂ ತಿನಿಸಿದ್ರೇನು ಇದಕ್ಕ?”

“ಬಾಯಿ ಸಿಗಲಿಲ್ಲೋ ತಮ್ಮಾ. ಸಿಕ್ಕಿದ್ರ ತಿನಿಸ್ತಿದ್ದೆ. ಈಗ ಬಾಯಿ ಬಂದೈತಿ, ನೀನ ತಿನ್ನು,” ಎಂದು ಅವಳು ಹಬ್ಬದ ತಟ್ಟೆಯನ್ನು ಅವನ ಮುಂದಿಟ್ಟಳು.

ಎಣ್ಣೆ ತೆಗೆಯಲು ಥಿನ್ನರ್ ಸಾಕು ಎಂದು ಅವನೆಂದ. ಅವಳು ಒಪ್ಪಲಿಲ್ಲ. “ಎಣ್ಣಿ ಹಚ್ಚಿದ ತೆಲಿಗೆ ಏನ್ ಹಾಕಿ ಎರಿತೀವಿ? ಅಂಟವಾಳ.” ಬಣ್ಣದವನು ಹಳೆಯ ಪ್ರೈಮರನ್ನು ಕೆರೆದ ಮೇಲೆ ಅವಳು ಒಂದು ಪಾತ್ರೆ ಅಂಟವಾಳಕಾಯಿಯನ್ನು ಕುದಿಸಿ, ನೊರೆ ಎಬ್ಬಿಸಿ, ಸ್ಟೂಲಿನ ಮೇಲೆ ಕುಳಿತು, ಕೈಗೆ ನಿಲುಕುವ ತಗಡನ್ನೆಲ್ಲ ತಾನೇ ಉಜ್ಜಿದಳು. ಮಾಡಿನ ಸಂದನ್ನು ನಾನು ಏಣಿಯ ಮೇಲೆ ನಿಂತು ಮತ್ತೆ ಬರಿದು ಮಾಡಿ ಅದೇ ನೊರೆಯಿಂದ ತೊಳೆದೆ. ಒಣಗಿದ ಮೇಲೆ ಬಣ್ಣದವನು ತನ್ನ ಸಮಾಧಾನಕ್ಕೆ ಥಿನ್ನರಿನಿಂದಲೂ ಒರೆಸಿದ. ಎರಡರಲ್ಲಿ ಎಣ್ಣೆಯನ್ನು ಬಿಡಿಸಿದ್ದು ಯಾವುದು ಎಂಬುದು ನನಗೆ ಇನ್ನೂ ತಿಳಿಯಬೇಕಾಗಿದೆ.

ಸಂದಿಗೆ ಹೊಸ ಸೀಲೆಂಟ್ ತುಂಬಿದೆ; ಈ ಸಲ ಅದೂ ಕೂಡಿತು, ಪ್ರೈಮರೂ ಕೂಡಿತು. ಮೇಲೆ ಎರಡು ಸಲ, ಮಾಗಿದ ಜೋಳದ ತೆನೆಯ ಬಣ್ಣ. ಆ ಗೇಣು ಜಾಗವನ್ನು ಮಾತ್ರ ಬಾಗಿಲ ಬಳಿ ಹಾಗೆಯೇ ಬಿಟ್ಟಿದ್ದೇನೆ. ನಾಲ್ಕು ಬಣ್ಣಗಳ ಸುತ್ತ ಐದನೆಯದು ಅಂಚಿನಂತೆ ನಿಂತಿದೆ.

ಆಷಾಢದ ಕೊನೆಯ ವಾರ ಮಗಳು ಬಂದಳು. ಚಹಾ ಸಹ ಕುಡಿಯದೆ ಏಣಿ ಹತ್ತಿ, ಹನ್ನೆರಡು ಕೊಡ ನೀರನ್ನು ಆ ಸಂದಿನ ಮೇಲೆಯೇ ಸುರಿದಳು. ತಾಯಿ ಒಳಗೆ ತನ್ನ ಹಾಸಿಗೆಯ ಮೇಲೆ, ಮುಖ ಮೇಲೆ ಮಾಡಿ ಮಲಗಿದ್ದಳು.

“ಅವ್ವಾ, ಬಿತ್ತೇನು?”

ಉತ್ತರ ಬರಲಿಲ್ಲ. ಮಗಳು ಗಾಬರಿಯಿಂದ ಇಳಿದು ಓಡಿದಳು. ಹೆಂಡತಿ ಕಣ್ಣು ಮುಚ್ಚಿ, ಸಾಲೋಟಗಿಯಲ್ಲಿ ಮೊದಲ ದಿನ ಓದಬೇಕಾದ ಪದ್ಯವನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಅವಳ ಸೆರಗಿನಿಂದ ಹಲಗೆಯವರೆಗೆ ಎಲ್ಲವೂ ಒಣಗಿತ್ತು. ಮಗಳು ಹಾಸಿಗೆಯನ್ನು ಮೂರು ಸಲ ಮುಟ್ಟಿ ನೋಡಿ, “ಹೋಗಿ ಬರ್ರಿ ಇಬ್ರೂ,” ಎಂದಳು.

ಹೊರಡುವ ಮುಂಜಾನೆ ಹೆಂಡತಿ ಎಣ್ಣೆಯ ಗಿಂಡಿ ಹಿಡಿದು ಬಂದು ನನ್ನ ಮುಖ ನೋಡಿದಳು. ನಾನು ಬಾಗಿಲ ಕೀಲುಗಳನ್ನು ತೋರಿಸಿದೆ. ಅಲ್ಲಿ ಹನಿಹನಿಯಾಗಿ ಬಿಟ್ಟಳು. ಬಾಗಿಲು ಸದ್ದಿಲ್ಲದೆ ತೆರೆಯಿತು.

ಉಜ್ಜಿದ ಕೈಗಳಿಗೆ, ನಗಿಸಿದ ನಾಲಗೆಗೆ, ಮರುಕದಿಂದ ಕಠಿಣಳಾದ ಮಗಳಿಗೆ, ನನಗೆ ಹೆಸರು ತಿಳಿಯದ, ಈ ಗಾಡಿಯನ್ನು ಬಿಳುಪಾಗಿ, ನೀಲಿಯಾಗಿ, ಹಳದಿಯಾಗಿ ಸಾಕಿದವರಿಗೆ, ಅದರಲ್ಲಿ ಕುಳಿತು ಓದಲು ಹೋದ ಮಕ್ಕಳಿಗೆ ಆಯುಷ್ಯವೂ ಆರೋಗ್ಯವೂ ಇರಲಿ. ಅವರೆಲ್ಲರ ಹಾಸಿಗೆ ಒಣಗಿರಲಿ.