ಬೂಟು ತೊಟ್ಟ ಕೈಗಳು

ಕಸಿಮಾಲಿ ಬದುಕಿದ್ದಷ್ಟು ಕಾಲ ಬೇರೆಯವರ ಪರವಾಗಿ ನಡೆದ. ಬಿಷ್ಕೆಕ್ ನಗರಕ್ಕೆ ಇನ್ನೂ ಫ್ರುಂಜೆ ಎಂಬ ಹಳೆಯ ಹೆಸರಿದ್ದ ಕಾಲದಿಂದಲೂ ಫಿಲ್ಮ್ ಸ್ಟುಡಿಯೋದಲ್ಲಿ ಚಿತ್ರಗಳಿಗೆ ಸದ್ದು ಕೂಡಿಸುವುದು ಅವನ ಕೆಲಸ. ತೆರೆಯ ಮೇಲೆ ದೊರೆ ಖಾನ ನಡೆದರೆ ಹೆಜ್ಜೆ ಇವನದು, ಕುದುರೆ ಓಡಿದರೆ ಗೊರಸಿನ ಸದ್ದು ಇವನ ಮರದ ಬಟ್ಟಲುಗಳದು. ಯಾರಾದರೂ ಹಿಮದ ಮೇಲೆ ನಡೆಯಬೇಕಾದಾಗ ಅಡುಗೆಮನೆಯಿಂದ ಆಲೂಗಡ್ಡೆ ಹಿಟ್ಟಿನ ಚೀಲ ಮಾಯವಾಗುತ್ತಿತ್ತು. ಅದನ್ನು ಹಿಸುಕಿದರೆ ಹಿಮ ತುಳಿದ ಹಾಗೆ ಕರಕರ ಅನ್ನುತ್ತದೆ. ದೇಶಕ್ಕೆಲ್ಲ ಕೇಳಿಸಿದ ಮನುಷ್ಯನ ಹೆಸರು ಪಕ್ಕದ ಬೀದಿಯವರಿಗೂ ಗೊತ್ತಿರಲಿಲ್ಲ. ಇದು ನ್ಯಾಯವಲ್ಲ, ಆದರೆ ಅವನು ದೂರಿದವನಲ್ಲ.

ದೂರುತ್ತಿದ್ದವಳು ಹೆಂಡತಿ ಬುರುಲ್ಚಾ. ಚಿಕ್ಕಂದಿನಲ್ಲಿ ಕುದುರೆಯಿಂದ ಬಿದ್ದು ಅವಳ ಎಡಗಾಲು ಕೊಂಚ ಎಳೆಯುತ್ತಿತ್ತು. ಕುಂಟಿಯನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂದವರ ಬಾಯಿ ಮುಚ್ಚಿಸಿ ಮದುವೆಯಾದವನು ಕಸಿಮಾಲಿ. ಅಂಥವನು ಒಂದು ದಿನ ಅವಳ ಮದುವೆಯ ಬೂಟುಗಳನ್ನು ಕೇಳದೆ ಸ್ಟುಡಿಯೋಗೆ ಒಯ್ದ. ಚಿತ್ರದಲ್ಲಿ ತವರು ಬಿಟ್ಟು ಮರದ ಸೇತುವೆ ದಾಟುವ ಮದುಮಗಳಿಗೆ ಹೆಜ್ಜೆ ಬೇಕಿತ್ತು. ಅವನ ಕಾಲಿಗೆ ಅವು ಎಲ್ಲಿ ಹಿಡಿದಾವು? ಕೈಗೆ ತೊಟ್ಟು ಹಲಗೆಯ ಮೇಲೆ ನಡೆಸಿದ. ಹೊಲಿಗೆ ಬಿಚ್ಚಿಕೊಂಡು ಮನೆಗೆ ಬಂದವು.

"ಗಂಡಸಾಗಿ ಹೆಂಗಸಿನ ಬೂಟೊಳಗೆ ಕೈ ತೂರಿಸ್ಕೊಂಡು ಕೂತಿದ್ರಾ? ನಾಚ್ಕೆ ಆಗ್ಲಿಲ್ವಾ?"

"ಬೈಯ್ಕೋ. ಆದ್ರೆ ಸಿನಿಮಾಕ್ಕೆ ಬಾ ಮಾರಾಯ್ತಿ. ಆ ಸೇತುವೆ ಬಂದಾಗ ಕಿವಿಗೊಟ್ಟು ಕೇಳು. ನಿರ್ದೇಶಕರಿಗೂ ಗೊತ್ತಾಗಿಲ್ಲ, ನಿಂಗೆ ಗೊತ್ತಾಗುತ್ತೆ."

ಅವಳು ಹೋಗಲಿಲ್ಲ. ಹಟ. ಆ ಚಿತ್ರ ಮತ್ತೆಲ್ಲೂ ಬರಲಿಲ್ಲ, ಅವನೂ ಮತ್ತೆ ಕರೆಯಲಿಲ್ಲ.

ಕಸಿಮಾಲಿ ತೀರಿಕೊಂಡಾಗ ಮಗ ಸ್ಪೀಕರುಗಳಿಗೆ ಸದ್ದು ಕಳಿಸುವ ತನ್ನ ರಿಸೀವರ್ ಪೆಟ್ಟಿಗೆಯನ್ನು ಟಿವಿಯಿಂದ ಬಿಚ್ಚಿಟ್ಟ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಾಡು ಕೂಡದು. ವರ್ಷಾಂತಿಕ ಮುಗಿದ ಮೇಲೂ ಅದು ಹಾಗೇ ಬಿದ್ದಿತ್ತು. ಮುಂದೆ ಎರಡು, ಹಿಂದೆ ರಜಾಯಿಗಳ ಪಕ್ಕ ಎರಡು ಸ್ಪೀಕರುಗಳು ಮೂಕವಾಗಿ ನಿಂತಿದ್ದವು. ಆಗ ಸೊಸೆ ಐಸಾಲ್ಕಿನ್ ಸುದ್ದಿ ತಂದಳು: ಗುರುವಾರ ಮಧ್ಯಾಹ್ನ ಟಿವಿಯಲ್ಲಿ ಆ ಹಳೆಯ ಚಿತ್ರವಂತೆ. ಮನೆಯಲ್ಲಿ ಕಸಿಮಾಲಿಯ ದನಿಯ ಒಂದು ತುಣುಕೂ ಉಳಿದಿರಲಿಲ್ಲ. ಬುರುಲ್ಚಾಗೆ ಇನ್ನು ಕೇಳಲು ಸಿಗುವುದು ಇದೊಂದೇ.

ಗುರುವಾರ ಬಂತು, ಚಿತ್ರ ಶುರುವಾಯಿತು. ತೆಳ್ಳನೆಯ ಟಿವಿಯಿಂದ ಮಾತು ಬಂತು, ಹೆಜ್ಜೆ ಬರಲಿಲ್ಲ. ಅವಳ ಕಿವಿಯೂ ಮಂದ. ಖಾನ ಗಾಳಿಯ ಮೇಲೆ ನಡೆದ ಹಾಗೆ ನಡೆದುಹೋದ.

"ಐಸಾಲ್ಕಿನ್, ಆ ಪೆಟ್ಟಿಗೆ ಜೋಡ್ಸೇ! ಸೇತುವೆ ಬಂದ್ಬಿಡುತ್ತೆ!"

ಸೊಸೆ ಹಿಟ್ಟಿನ ಕೈ ಒರೆಸಿಕೊಂಡು ರಿಸೀವರಿನ ಹಿಂದೆ ತೂರಿದಳು. ಟಿವಿಯಿಂದ ಅದಕ್ಕೆ ತಂತಿ ಎಳೆದಳು. ಈಗ ಮಾತೂ ನಿಂತುಹೋಯಿತು.

"ಅಪಾ, ನಮ್ಮ ಜರಡಿಗೂ ಇಷ್ಟು ತೂತಿಲ್ಲ!" ಅತ್ತೆಯನ್ನು ಅವಳು ಕರೆಯುತ್ತಿದ್ದುದು ಹಾಗೇ, ಅಮ್ಮ ಎಂಬಂತೆ.

"ತಮಾಷೆ ಸಾಕು ಕಣೇ, ನನ್ನ ಜೀವ ಹೋಗ್ತಿದೆ ಇಲ್ಲಿ."

ತೆರೆಯ ಮೇಲೆ ಮದುಮಗಳಿಗೆ ಮುಸುಕು ಹಾಕುತ್ತಿದ್ದರು. ಬುರುಲ್ಚಾ ಕೂತಲ್ಲೇ ಮುಂದಕ್ಕೆ ಬಾಗಿದಳು. ಒಮ್ಮೆ ತಾನೇ ಹಟ ಮಾಡಿ ಕಳೆದುಕೊಂಡದ್ದು; ಎರಡನೆಯ ಸಲ ತಂತಿಯ ಪಾಲಾಗುತ್ತಿದೆ.

"ಅಯ್ಯೋ, ಸದ್ದು ಹೊರಗೆ ಹೋಗೋ ತೂತಿಗೆ ಸಿಕ್ಸಿದ್ದೀನಿ! ಒಳಗೆ ಬರೋದು ಪಕ್ಕದ್ದು."

ತಂತಿ ಜಾಗ ಬದಲಿಸಿತು. ಕೋಣೆ ತುಂಬ ನದಿ ಭೋರ್ಗರೆಯಿತು. ಅಷ್ಟರಲ್ಲಿ ಬೊರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿಯಲು ಇಟ್ಟಿದ್ದ ಎಣ್ಣೆ ಕಾದು ಹೊಗೆಯಾಡಿ ಸೊಸೆ ಅಡುಗೆಮನೆಗೆ ಓಡಿದಳು. ಗುರುವಾರ ಎಣ್ಣೆ ಕಾಯಿಸಿದರೆ ಅದರ ವಾಸನೆ ಸತ್ತವರಿಗೆ ತಲುಪುತ್ತದೆ. ವರ್ಷವಿಡೀ ಬುರುಲ್ಚಾ ವಾಸನೆ ಕಳಿಸಿದ್ದಳು, ಅತ್ತಲಿಂದ ಏನೂ ಬಂದಿರಲಿಲ್ಲ.

ಮದುಮಗಳು ಸೇತುವೆಗೆ ಕಾಲಿಟ್ಟಳು. ಟಪ್, ಸರ್. ಟಪ್, ಸರ್. ಒಂದು ಹೆಜ್ಜೆ ಗಟ್ಟಿ, ಮುಂದಿನದು ಕೊಂಚ ಎಳೆದು. ದೇಶವೇ ಮೆಚ್ಚಿದ ಚೆಲುವೆ ಎಡಗಾಲು ಎಳೆದು ನಡೆಯುತ್ತಿದ್ದಳು. ಹಿಂದಿನ ಸ್ಪೀಕರುಗಳಲ್ಲೂ ಅದೇ ಹೆಜ್ಜೆ, ಬೆನ್ನ ಹಿಂದೆಯೇ. ಬುರುಲ್ಚಾ ತಲೆವಸ್ತ್ರದ ತುದಿಯನ್ನು ಬಾಯಿಗೊತ್ತಿಕೊಂಡು ಅತ್ತಳು.

ಅಡುಗೆಮನೆಯಿಂದ ಸೊಸೆ ಕೂಗಿದಳು: "ಅಪಾ, ಯಾಕೆ ಎದ್ದು ಓಡಾಡ್ತಿದ್ದೀರಿ? ಆಮೇಲೆ ಕಾಲು ನೋವು ಅಂತೀರಾ. ಕೂತ್ಕೊಳ್ಳಿ!"

"ಕೂತೇ ಇದ್ದೀನಿ ಕಣೇ," ಎಂದಳು ಬುರುಲ್ಚಾ. "ನಿನ್ನ ಮಾವ ನಡೆಸ್ತಿದ್ದಾರೆ."